ಗೌಡ್ರಿಗೆ ಬಿದ್ದ ಎಕ್ಕ

ವೈಟ್‌ಫೀಲ್ಡ್‌ನ ಪೋಕರ್ ಟೂರ್ನಮೆಂಟಲ್ಲಿ ಎಲೆ ಹಂಚೋ ಡೀಲರ್ ಆಗಿ ಅದು ನನ್ನ ಮೊದಲ ದಿನ. ಕೈ ಜಾರಿ, ಕುಂದಲಹಳ್ಳಿ ಗೌಡ್ರ ಎರಡನೇ ಎಲೆ ಅಂಗಾತ ಬಿತ್ತು. ಎಕ್ಕ, ಎಲ್ಲಕ್ಕಿಂತ ದೊಡ್ಡ ಎಲೆ! ತಮ್ಮನೆ ಬಾಡಿಗೆ ಹುಡುಗರ ಹತ್ರ ಈ ಆಟ ಕಲಿತ ಹಿರಿಯರು ಅವರು. ಥಟ್ಟನೆ ಅದರ ಮೇಲೆ ಅಂಗೈ ಮುಚ್ಚಿದ್ರು.

"ಸುಮ್ಕಿರವ್ವ, ಯಾರೂ ನೋಡಿಲ್ಲ," ಅಂದ್ರು ಮೆಲ್ಲಗೆ.

ಟೇಬಲ್ಲಿನ ಮಿಕ್ಕ ಎಂಟು ಜನಾನೂ ನೋಡಿದ್ರು.

ಡೀಲರ್ ಕೈತಪ್ಪಿಂದ ಎಲ್ಲರಿಗೂ ಕಂಡ ಎಲೆ ಎಷ್ಟೇ ಒಳ್ಳೇದಿರಲಿ, ವಾಪಸ್ ತಗೊಂಡು ಬೇರೆ ಎಲೆ ಕೊಡಬೇಕು ಅನ್ನೋದು ನಿಯಮ. ನಾನೇ ಕೈಯೆತ್ತಿ ಸೂಪರ್‌ವೈಸರನ್ನ ಕರೆದೆ. ಎಕ್ಕ ಹೋಗಿ ಮೂರರ ಎಲೆ ಬಂತು. ಗೌಡ್ರು ಹಟಕ್ಕೆ ಬಿದ್ದು ಅದರಲ್ಲೇ ಇದ್ದಬದ್ದ ಚಿಪ್ಸೆಲ್ಲ ಕಟ್ಟಿ ಸೋತು, ಟೂರ್ನಮೆಂಟಿಂದಲೇ ಔಟಾದ್ರು. ನನ್ನ ಕಣ್ಣು ತುಂಬ್ಕೊಂತು.

ಎದ್ದು ಹೊರಟ ಗೌಡ್ರು ಸೂಪರ್‌ವೈಸರ್ ಮುಂದೆ ನಿಂತ್ರು. "ಈ ಮಗೀನ ಬಯ್ಬ್ಯಾಡಿ ಸಾ. ಎಲೆ ತಿರುವಾಕಿದ್ದು ನಾನೇಯ."

"ಗೌಡ್ರೇ, ಮೇಲೆ ಕ್ಯಾಮೆರಾ ಇದೆ."

ಗೌಡ್ರು ತಲೆಯೆತ್ತಿ ಕ್ಯಾಮೆರಾಗೆ ಕೈ ಮುಗಿದ್ರು. "ನೀನೂ ಯೇಳ್ಬ್ಯಾಡ ಕಣಪ್ಪ."

ಈಗ ಹೊಸ ಡೀಲರ್‌ಗಳಿಗೆ ತಪ್ಪು ತೋರಿಸೋಕೆ ಆ ವಿಡಿಯೊನೇ ಹಾಕ್ತಾರೆ. ಎಲ್ಲರೂ ನನ್ನ ಕೈ ನೋಡ್ತಾರೆ. ನಾನು ಮಾತ್ರ ಗೌಡ್ರು ಕೈ ಮುಗಿಯೋವರೆಗೂ ವಿಡಿಯೊ ನಿಲ್ಲಿಸೋಕೆ ಬಿಡಲ್ಲ.