ಶನಿವಾರ ಮಾತ್ರ ನೆನೆದ ಗೋಣಿಚೀಲಗಳು

ಅಕ್ಕನ ಮನೆ ಮೂರು ವರ್ಷದಿಂದ ಏಳುತ್ತಲೇ ಇದೆ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಗೆ ಹೋದರೆ ಅವಳ ಹತ್ತು ಗುಂಟೆ ಜಾಗ. ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ, ಬರುವುದು ಅವಳಿಗೆ ಬೇಕಾಗಿಯೂ ಇಲ್ಲ. ಮೇಲೆ ಸೋಲಾರ್, ಕೆಳಗೆ ಮಳೆನೀರಿನ ಸಂಪು, ಆ ಸಂಪು ತೋಡಿದಾಗ ಬಂದ ಮಣ್ಣಿನಿಂದಲೇ ಗೋಡೆ. "ನನ್ನ ಮಣ್ಣು, ನನ್ನ ಗೋಡೆ" ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಅವಳು ವಿಜಯನಗರದಲ್ಲಿ ನರ್ಸ್. ಬಿಡುವು ಭಾನುವಾರ ಮಾತ್ರ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬ್ಯಾಡರಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಜಾಗಕ್ಕೆ ನಾನೇ ಹತ್ತಿರ. ಹಾಗಾಗಿ, ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳಿಗೆ ಮೂರು ವಾರ ದಿನಾ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಸಂಪಿನಿಂದ ನೀರು ಸೇದಿ, ಇಟ್ಟಿಗೆಗೆ ಹೊದಿಸಿದ ಗೋಣಿಚೀಲಗಳನ್ನು ನೆನೆಸಬೇಕು. ಒಣಗಿದರೆ ಇಟ್ಟಿಗೆ ಗಟ್ಟಿಯಾಗುವುದಿಲ್ಲ.

ನಾಲ್ಕು ದಿನ ಹೋದೆ. ಆಮೇಲೆ ಮದುವೆ ಬ್ಲೌಸುಗಳ ರಾಶಿ ಬಂತು. ಅಕ್ಕ ಫೋನ್ ಮಾಡಿ "ನೀರು ಹಾಕಿದ್ಯೇನೋ?" ಎಂದರೆ ಮೆಷಿನ್ ತುಳಿಯುತ್ತಲೇ "ಹಾಕ್ದೆ ಅಕ್ಕ" ಎನ್ನುತ್ತಿದ್ದೆ. ಶನಿವಾರ ಸಂಜೆ ಮಾತ್ರ ಓಡಿಹೋಗಿ ಚೀಲಗಳು ತೊಟ್ಟಿಕ್ಕುವಷ್ಟು ನೀರು ಸುರಿದು ಬರುತ್ತಿದ್ದೆ. ಭಾನುವಾರ ಅಕ್ಕ ಚೀಲ ಮುಟ್ಟಿ, "ಎಷ್ಟು ತಣ್ಣಗಿದೆ ನೋಡು! ನೀನಿಲ್ದಿದ್ರೆ ನಾನೇನ್ ಮಾಡ್ತಿದ್ನೋ" ಎಂದು ಡಬ್ಬಿಯಿಂದ ಚಿತ್ರಾನ್ನ ಬಡಿಸುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡೇ ಎರಡನೇ ಸಲವೂ ಹಾಕಿಸಿಕೊಳ್ಳುತ್ತಿದ್ದೆ.

ನಾಲ್ಕನೇ ಭಾನುವಾರ ಅವಳು ಒಂದು ಇಟ್ಟಿಗೆ ಎತ್ತಿದಳು. ಮೂಲೆಗಳು ಪುಡಿಯಾಗಿ ಅವಳ ಪಾದದ ಮೇಲೆ ಉದುರಿದವು. ಇನ್ನೊಂದು ಎತ್ತಿದರೆ ಅದೂ ಹಾಗೆಯೇ. ಅಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ನನ್ನ ಮಣ್ಣೇ ಸರಿಯಿಲ್ಲ ಕಣೋ. ಮೂರು ವರ್ಷ ಸುಮ್ನೆ ಹುಚ್ಚಾಟ ಆಡ್ದೆ. ಸಿಮೆಂಟ್ ಬ್ಲಾಕ್ ತರಿಸಿಬಿಡ್ತೀನಿ."

ಮೇಸ್ತ್ರಿಗೆ ಹೇಳಲು ಫೋನ್ ತೆಗೆದಳು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಅವಳು ಸಂಪಿನಿಂದ ತೆಗೆದ ಮಣ್ಣಿನ ಗುಡ್ಡೆಯ ಕಡೆ ನೋಡಿದ ರೀತಿಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಅಕ್ಕ, ಮಣ್ಣು ಚೆನ್ನಾಗೇ ಇದೆ. ನಾನು ನೀರು ಹಾಕ್ಲಿಲ್ಲ. ಶನಿವಾರ ಮಾತ್ರ ಬರ್ತಿದ್ದೆ."

ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ನಿಜ ಹೇಳು. ದಿನಾ ಹಾಕ್ಲಿಲ್ವಾ?"

"ಇಲ್ಲ."

"ದೇವ್ರಾಣೆ?"

"ದೇವ್ರಾಣೆ ಅಕ್ಕ."

"ಅಯ್ಯೋ ನನ್ನಪ್ಪ!" ಎಂದು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. "ಹಾಗಾದ್ರೆ ಕೆಟ್ಟಿರೋದು ನೀನು, ನನ್ನ ಮಣ್ಣಲ್ಲ!" ಒಂದು ಹಿಡಿ ಮಣ್ಣು ತೆಗೆದು ನನ್ನ ತಲೆಯ ಮೇಲೆ ಸುರಿದಳು. "ನಿನ್ನ ಆಮೇಲೆ ನೋಡ್ಕೋತೀನಿ."

ನೋಡಿಕೊಂಡಳು. ಪುಡಿಯಾದ ಇಟ್ಟಿಗೆಗಳನ್ನು ನನ್ನಿಂದಲೇ ಒಡೆಸಿ ನೆಲಕ್ಕೆ ತುಂಬಿಸಿದಳು. ಹೊಸದಾಗಿ ಇಟ್ಟಿಗೆ ಒತ್ತಿಸಿದ ದಿನ, "ಮೆಷಿನ್ ಇಲ್ಲಿಗೇ ತಾ. ತುಳಿಯೋ ಮೆಷಿನ್ನಿಗೆ ಕರೆಂಟ್ ಯಾಕೋ?" ಎಂದಳು. ಮೂರು ವಾರ ತಗಡಿನ ಚಪ್ಪರದ ಕೆಳಗೆ ಕೂತು ಬ್ಲೌಸ್ ಹೊಲಿದೆ, ಬೆಳಿಗ್ಗೆ ಸಂಜೆ ನೀರು ಹಾಕಿದೆ.

ಕೊನೆಯ ದಿನ ಅಕ್ಕ ಎರಡು ಕಲ್ಲುಗಳ ಮೇಲೆ ಒಂದು ಇಟ್ಟಿಗೆಯನ್ನು ಸೇತುವೆಯಂತೆ ಇಟ್ಟು ಹತ್ತಿ ನಿಂತಳು. ಅದು ಮುರಿಯಲಿಲ್ಲ. "ನೀನೂ ಬಾರೋ, ದಪ್ಪ" ಎಂದು ನನ್ನನ್ನೂ ಎಳೆದುಕೊಂಡಳು. ಅಷ್ಟು ಚಿಕ್ಕ ಇಟ್ಟಿಗೆಯ ಮೇಲೆ ಇಬ್ಬರೂ ಬೀಳದಂತೆ ಒಬ್ಬರ ಭುಜ ಒಬ್ಬರು ಹಿಡಿದು, ನಗುತ್ತಾ ನಿಂತಿದ್ದೆವು.