ಮಗಳ ಲೆಕ್ಕ, ಅತ್ತಿಗೆಯ ಹುಳುಮನೆ

ಮುಳಬಾಗಿಲು ಕಡೆಯ ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಗೆ ಸಿಗುವ ಮರ್ಯಾದೆ ಅಳಿಯನಿಗೂ ಸಿಗುವುದಿಲ್ಲ. ದೊಡ್ಡ ಕೋಣೆ ಅವಕ್ಕೆ, ಪಡಸಾಲೆ ನಮಗೆ. ಆದರೆ ಮಗಳು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಲೆಕ್ಕ ಫೇಲಾಗಿ ಬಂದಾಗ, ಬೀದಿಗೆಲ್ಲ ಕೇಳುವಂತೆ ಕೂಗಾಡಿ ಘೋಷಿಸಿಬಿಟ್ಟೆ: "ಪಬ್ಲಿಕ್ ಪರೀಕ್ಷೆ ಮುಗಿಯೋವರ್ಗೂ ಈ ಮನೇಲಿ ಹುಳೂನೂ ಇಲ್ಲ, ಸದ್ದೂ ಇಲ್ಲ!"

ದೊಡ್ಡ ಕೋಣೆ ತೊಳೆಸಿ, ಕೋಲಾರದಿಂದ ಮೇಜು, ಕುರ್ಚಿ, ದೀಪ ತಂದೆ. ತೋಟದ ಹಿಪ್ಪುನೇರಳೆ ಸೊಪ್ಪನ್ನು ಪಕ್ಕದ ಮನೆಯ ಅಣ್ಣನ ಹುಳುಗಳಿಗೆ ಕೊಟ್ಟೆ. ಟಿವಿಯ ವೈರು ಬೀರು ಸೇರಿತು. ಕುಕ್ಕರ್ ಕೂಗಬಾರದೆಂದು ಹೆಂಡತಿ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದಳು. ಒಗ್ಗರಣೆ ಚಟಪಟ ಅಂದರೂ ನಾನು ಇಣುಕಿ ಕಣ್ಣು ಬಿಡುತ್ತಿದ್ದೆ. ಹಸು ಅಂಬಾ ಎಂದರೆ ಅದಕ್ಕೂ "ಶ್!" ಮಗಳಿಗಾಗಿ ಇಷ್ಟೆಲ್ಲ ಮಾಡುವ ಅಪ್ಪ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ ಎಂದು ಮೀಸೆ ತಿರುವಿಕೊಂಡೆ.

ಮಗಳೋ, ಸಂಜೆಯಾದರೆ ಸಾಕು, "ದೊಡ್ಡಮ್ಮನ ಮನೆಗೆ ಹೋಗಿ ಬರ್ತೀನಿ" ಎಂದು ಪುಸ್ತಕ ಹಿಡಿದು ಹೊರಟುಬಿಡುತ್ತಿದ್ದಳು. ವಾರ ಕಳೆಯುವುದರೊಳಗೆ ನನಗೆ ಪಿತ್ತ ನೆತ್ತಿಗೇರಿತು. ಒಂದು ಸಂಜೆ ಅವಳ ಹಿಂದೆಯೇ ಅಣ್ಣನ ಹುಳುಮನೆಗೆ ಹೋದೆ.

ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಒಳಗೆ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಸೊಪ್ಪು ಹರಡುತ್ತಿದ್ದರು. ಮಗಳು ದುಂಡನೆಯ ಖಾಲಿ ಬಿದಿರು ತಟ್ಟೆಯ ಅಂಚಿಗೆ ಒಂದು ಕಡ್ಡಿ ತಾಗಿಸಿ ಹಿಡಿದಿದ್ದಳು.

"ಈ ಕಡ್ಡಿ ಸ್ಪರ್ಶಕ, ದೊಡ್ಡಮ್ಮ. ತಟ್ಟೆ ನಡುವಿಂದ ಇದು ತಾಗೋ ಜಾಗಕ್ಕೆ ಗೆರೆ ಎಳೆದ್ರೆ, ಆ ಗೆರೆ ಕಡ್ಡಿಗೆ ಲಂಬವಾಗಿ ನಿಲ್ಲುತ್ತೆ."

ಅತ್ತಿಗೆ ಗೌನಿಪಲ್ಲಿ ಕಡೆಯವರು, ಮಾತಿಗೊಂದು ತೆಲುಗು. "ಎಂದುಕಮ್ಮಾ?" ಎಂದರು. ಯಾಕಮ್ಮಾ, ಅಂತ.

ಮಗಳು ತಡವರಿಸಿದಳು. ಪುಸ್ತಕ ನೋಡಿದಳು, ಮತ್ತೆ ಕಡ್ಡಿ ನೋಡಿದಳು. "ಯಾಕಂದ್ರೆ... ಹಾಂ! ನಡುವಿಂದ ಕಡ್ಡಿಗೆ ಅದೇ ಎಲ್ಲಕ್ಕಿಂತ ಹತ್ರದ ದಾರಿ. ಬೇರೆ ಕಡೆ ಎಲ್ಲಾ ಕಡ್ಡಿ ತಟ್ಟೆಯಿಂದ ಆಚೆಗೇ ಇದೆ!"

ನಾನು ಬಾಗಿಲಲ್ಲೇ ಗುಡುಗಿದೆ. "ಅಲ್ಲಿ ನಿಂಗೋಸ್ಕರ ಹಸು ಬಾಯೂ ಕಟ್ಟಿದೀನಿ, ನೀನು ಇಲ್ಲಿ ಬಂದು ಕೂತಿದೀಯಾ?"

"ಮೆಲ್ಲಗೆ ಕಣಪ್ಪಾ, ಹುಳು ಬೆಚ್ಚಿಬೀಳ್ತಾವೆ" ಎಂದರು ಅತ್ತಿಗೆ.

ಮಗಳು ತಲೆ ತಗ್ಗಿಸಿದಳು. "ಅಲ್ಲಿ ಯಾರೂ ಮಾತೇ ಆಡಲ್ಲ ಅಪ್ಪ. ಗೊತ್ತಾಗ್ದೆ ಇರೋದನ್ನ ಯಾರ ಹತ್ರ ಹೇಳ್ಲಿ? ಆ ಕೋಣೇಲಿ ಕೂತ್ರೆ ನಂಗೆ ಭಯ ಆಗುತ್ತೆ."

ಆವತ್ತು ಕೂಗಾಡಿದ ಮೇಲೆ ನಾನು ಅವಳೊಡನೆ ನೆಟ್ಟಗೆ ಒಂದು ಮಾತೂ ಆಡಿರಲಿಲ್ಲ. ಅವಳ ಕೋಣೆಗೆ ಹೋಗಿದ್ದೂ ದೀಪ ಉರಿಯುತ್ತಿದೆಯೇ ಎಂದು ನೋಡಲಿಕ್ಕಷ್ಟೇ.

ಆ ವರ್ಷ ಅವಳು ಲೆಕ್ಕ ಪಾಸಾದಳು, ಈಗ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹುಳುಮನೆಗೆ ಹೋದ ಮರುದಿನದ ಸಂಜೆ. ಅಂದು ಟಿವಿಗೆ ವೈರು ಬಂದಿತ್ತು, ಕುಕ್ಕರ್ ಧಾರಾಳವಾಗಿ ಕೂಗುತ್ತಿತ್ತು. ಟೊಮೆಟೊ ಮಾರ್ಕೆಟ್‌ನಿಂದ ಬಂದವನೇ ಕೈಕಾಲು ತೊಳೆದು ಮಗಳ ಎದುರು ಕೂತೆ.

"ಆ ಸ್ಪರ್ಶಕ ನಂಗೂ ಒಂಚೂರು ಹೇಳಮ್ಮ."

ಅವಳು ನನ್ನನ್ನು ಅನುಮಾನದಿಂದ ನೋಡಿ ಶುರುಮಾಡಿದಳು. ಮೊದಲ ಗೆರೆ ಅರ್ಥವಾಯಿತು. ಎರಡನೆಯದು ತಲೆಯ ಮೇಲೆ ಹಾರಿಹೋಯಿತು. ಮಗಳ ಮುಂದೆ ಅದನ್ನು ಒಪ್ಪಿಕೊಳ್ಳುವುದು ಹೇಗೆ? ಗಂಭೀರವಾಗಿ ತಲೆಯಾಡಿಸಿ "ಹೂಂ, ಸರಿ ಸರಿ" ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟಳು.

"ಅರ್ಥ ಆಗ್ಲಿಲ್ಲ ಅಂದ್ರೆ ಕೇಳಪ್ಪ, ನಾನೇನೂ ಬೈಯಲ್ಲ."

ಪೆನ್ಸಿಲ್ ಎತ್ತಿ ಅವಳ ಕೈಗೆ ಕೊಟ್ಟು ಕೇಳಿದೆ, "ಎಂದುಕಮ್ಮಾ?"