ಹುತ್ತೂರಿನ ಉಸಿರು, ಶಿವಾರಪಟ್ಟಣದ ಧೂಳು

ಉಸಿರಾಟದ ಅಭ್ಯಾಸದ ಮಹಿಮೆಯನ್ನು ವೇದಿಕೆಯ ಮೇಲೆ ಕೊಂಡಾಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಅದರಿಂದ ಮೈಯೊಳಗೆ ನಿಜವಾಗಿ ಏನಾಗುತ್ತದೆಂದು ರಕ್ತ ಪರೀಕ್ಷಿಸಿ ನೋಡಿ, ಬಂದದ್ದನ್ನು ಬಂದ ಹಾಗೆಯೇ ಹೇಳುವವರು ವಿರಳ. ಕೋಲಾರ ಸೀಮೆಯಲ್ಲಿ ಆ ವಿರಳರ ಪೈಕಿ ಮೊದಲು ನೆನಪಾಗುವ ಹೆಸರು, ಈ ತಿಂಗಳು ನಮ್ಮ ಸಂಸ್ಥೆಯ ಶರೀರಕ್ರಿಯಾ ವಿಭಾಗದಿಂದ ನಿವೃತ್ತರಾಗುತ್ತಿರುವ ಡಾ. ಮುನಿಲಕ್ಷ್ಮಿಯವರದು. ಅವರ ವಿದ್ಯಾರ್ಥಿಯಾಗಿ ಬಂದು, ಅವರದೇ ವಿಭಾಗದಲ್ಲಿ ಅಧ್ಯಾಪಕನಾಗಿ ಉಳಿದವನು ನಾನು. ಅಭಿನಂದನ ಸಮಿತಿಯವರು ಈ ಸಂಪುಟಕ್ಕೆ ‘ಎಲ್ಲರಿಗೂ ಸಂತೋಷವಾಗುವಂಥ ನಾಲ್ಕು ಮಾತು’ ಬರೆಯಲು ಕೇಳಿದ್ದಾರೆ. ಸಂತೋಷದ ಮಾತುಗಳನ್ನು ಮೊದಲು ಮುಗಿಸಿಬಿಡುತ್ತೇನೆ.

ಮೇಡಂ ಲಕ್ಕೂರಿನ ಬೇಸಾಯದ ಮನೆಯವರು. ಶ್ರೀನಿವಾಸಪುರದ ಕಡೆಯಿಂದ ಬಂದ ನಾನು ಮೊದಲ ವರ್ಷದ ತರಗತಿಯಲ್ಲಿ ಹೃದಯದ ಬಡಿತವನ್ನು ವಿವರಿಸಲು ಎದ್ದು ನಿಂತಾಗ, ಗಾಬರಿಯಲ್ಲಿ ಅರ್ಧಕ್ಕರ್ಧ ತೆಲುಗೇ ಬಂದು ಇಡೀ ತರಗತಿ ಗೊಳ್ಳೆಂದಿತ್ತು. ಮೇಡಂ ನಗಲಿಲ್ಲ. "ಲೋ ಕದಿರೇಶ, ಗುಂಡೆ ಅಂದ್ರೂ ಅದು ಬಡ್ಕೊಳ್ಳತ್ತೆ, ಹೃದಯ ಅಂದ್ರೂ ಬಡ್ಕೊಳ್ಳತ್ತೆ ಕಣೋ. ನಿಂಗ್ ಬರೋ ಹಂಗೆ ಹೇಳು" ಎಂದರು. ಅಂದು ಆ ಮಾತು ಆಡದಿದ್ದರೆ ನಾನು ಕಾಲೇಜನ್ನೇ ಬಿಟ್ಟು ಊರಿನ ಬಸ್ಸು ಹತ್ತುತ್ತಿದ್ದೆ. ರಕ್ತ ಕೊಡಲು ಹಳ್ಳಿಗಳಿಂದ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದವರಿಗೆ ತಮ್ಮ ಮನೆಯಿಂದಲೇ ಉಪ್ಪಿಟ್ಟು ಮಾಡಿ ತಂದು, ಸೂಜಿ ತೆಗೆದ ಕೂಡಲೇ ತಾವೇ ಬಡಿಸುತ್ತಿದ್ದರು. "ಹಸ್ಕೊಂಡು ಬನ್ನಿ ಅಂದೋಳು ನಾನು, ಉಣ್ಣಿಸಿ ಕಳ್ಸೋದೂ ನಂದೇ ಕೆಲ್ಸ" ಎನ್ನುವುದು ಅವರ ವಾದ.

ಅವರ ಹೆಸರು ಊರಿಗೆಲ್ಲ ತಿಳಿದದ್ದು ಹುತ್ತೂರಿನ ಕೆಲಸದಿಂದ. ಅಲ್ಲಿನ ಹಿಪ್ಪುನೇರಳೆ ಬೆಳೆಗಾರರಲ್ಲಿ ಸಕ್ಕರೆ ಕಾಯಿಲೆಯಿದ್ದ ಕೆಲವರನ್ನು ಮನೆಯ ಜಗಲಿಯ ಮೇಲೆ ಕೂರಿಸಿ, ಮೆಲ್ಲಗೆ ಉಸಿರೆಳೆದು ಇನ್ನೂ ಮೆಲ್ಲಗೆ ಬಿಡುವ ಅಭ್ಯಾಸವನ್ನು ಕಲಿಸಿದರು. ಅದರ ಹಿಂದಿನ ವಿಜ್ಞಾನವನ್ನು ಅವರು ವಿವರಿಸುತ್ತಿದ್ದ ರೀತಿಯನ್ನು ನಾನು ಈಗಲೂ ತರಗತಿಯಲ್ಲಿ ಕದ್ದು ಬಳಸುತ್ತೇನೆ: "ದಡಬಡ ಅಂತ ಉಸಿರಾಡ್ತಿದ್ರೆ ಮೈಗೆ ಏನೋ ಅಪಾಯ ಬಂತು ಅನ್ಸತ್ತೆ. ಓಡೋಕೆ ಬೇಕಾಗತ್ತೆ ಅಂತ ಈಲಿ, ಅಂದ್ರೆ ಲಿವರ್ರು, ರಕ್ತಕ್ಕೆ ಸಕ್ಕರೆ ಬಿಡತ್ತೆ. ನಿಧಾನವಾಗಿ ಬಿಟ್ರೆ, ಅಪಾಯ ಇಲ್ಲ ಅಂತ ನರ ಹೋಗಿ ಹೇಳತ್ತೆ." ಕೆಲವು ತಿಂಗಳಲ್ಲಿ ಆ ಬೆಳೆಗಾರರ ಸಕ್ಕರೆ ಸ್ವಲ್ಪ ಇಳಿಯಿತು, ಮೈಯೊಳಗೆ ಸದ್ದಿಲ್ಲದೆ ನಡೆಯುವ ಉರಿಯೂತವನ್ನು ಸೂಚಿಸುವ ರಕ್ತದ ಅಂಶವೂ ಸ್ವಲ್ಪ ಇಳಿಯಿತು. ಸ್ವಲ್ಪ ಎಂಬ ಮಾತನ್ನು ಮೇಡಂ ಎಂದೂ ಬಿಡುತ್ತಿರಲಿಲ್ಲ. ಮಾತ್ರೆ ನಿಲ್ಲಿಸುವಂತಿಲ್ಲವೆಂದು ಪ್ರತಿ ಸಲವೂ ಹೇಳಿ, ಅವರಿಂದ ಅದನ್ನು ತಿರುಗಿ ಹೇಳಿಸಿ ಕಳಿಸುತ್ತಿದ್ದರು. ಆ ಫಲಿತಾಂಶದ ಹಿಗ್ಗಿನಲ್ಲಿ ಸಂಸ್ಥೆಯವರು ಮೇಡಂ ಅವರನ್ನು ಹಿಪ್ಪುನೇರಳೆ ತೋಟದ ನಡುವೆ ನಿಲ್ಲಿಸಿ ಒಂದು ಫೋಟೊ ತೆಗೆಸಿದರು. ಅದರಲ್ಲಿ ಮೇಡಂ ಬಾಯ್ತುಂಬ ನಕ್ಕಿದ್ದಾರೆ.

ಸಂತೋಷದ ಮಾತುಗಳು ಇಲ್ಲಿಗೆ ಮುಗಿದವು.

ಅನಂತರ ಅದೇ ಅಭ್ಯಾಸವನ್ನು ಶಿವಾರಪಟ್ಟಣದ ಕಲ್ಲುಕೆತ್ತನೆಯ ಒಂದು ಶೆಡ್ಡಿನವರಿಗೂ ನಮ್ಮ ಸಂಸ್ಥೆಗೇ ಕರೆಸಿ ಕಲಿಸಿದರು. ಹಿರಿಯ ಶಿಲ್ಪಿ ಕೋದಂಡರಾಮಪ್ಪನವರೇ ಮುಂದೆ ನಿಂತು ಎಲ್ಲರನ್ನೂ ಕೂರಿಸಿದರು. ವಿಗ್ರಹದ ಕಣ್ಣು ಬಿಡಿಸುವಾಗ ಉಸಿರು ಬಿಗಿಹಿಡಿದೇ ಉಳಿ ಇಡುವ ಅವರಿಗೆ ಉಸಿರಿನ ಪಾಠ ಹೊಸದೇನಲ್ಲ. ಆದರೆ ರಕ್ತ ಪರೀಕ್ಷೆ ತಿರುಗಿಬಿತ್ತು. ಹುತ್ತೂರಿನಲ್ಲಿ ಇಳಿದ ಉರಿಯೂತ ಇಲ್ಲಿ ಏರಿತ್ತು. ಮತ್ತೆ ಪರೀಕ್ಷಿಸಿದರೂ ಅದೇ. ಯಂತ್ರದ ದೋಷವಿರಬಹುದು ಎಂದು ನಾವೆಲ್ಲ ಹೇಳುತ್ತಿರುವಾಗ, ಮೇಡಂ ನನ್ನನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಮಾಲೂರಿನ ಕಡೆಯ ಆ ಶೆಡ್ಡಿಗೆ ಹೊರಟರು.

ಶೆಡ್ಡಿನಲ್ಲಿ ಕಂಡದ್ದು ಇಷ್ಟು. ಕೆಲಸ ಆರಂಭಿಸುವ ಮೊದಲು ನೆಲ ಗುಡಿಸಿ, ಕೆತ್ತುತ್ತಿರುವ ವಿಗ್ರಹದ ಮುಂದೆ ದೀಪ ಹಚ್ಚಿ ಕೈಮುಗಿಯುವುದು ಅವರ ಪದ್ಧತಿ. ಉಸಿರಿನ ಅಭ್ಯಾಸವನ್ನೂ ಅವರು ಆ ಪೂಜೆಗೇ ಸೇರಿಸಿಕೊಂಡಿದ್ದರು. ಹಿಂದಿನ ದಿನ ಮೆಷಿನ್ನಿನಿಂದ ಕೊಯ್ದ ಕಲ್ಲಿನ ಧೂಳನ್ನು ಒಣ ಪೊರಕೆಯಲ್ಲಿ ಗುಡಿಸಿ ಎಬ್ಬಿಸುವುದು, ಬಾಗಿಲು ಮುಚ್ಚುವುದು, ದೀಪ ಹಚ್ಚುವುದು, ಸಾಲಾಗಿ ಕೂತು ಭಕ್ತಿಯಿಂದ ಎದೆ ತುಂಬ ಉಸಿರೆಳೆಯುವುದು! ತಗಡಿನ ತೂತಿನಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳು ರಾಗಿಹಿಟ್ಟಿನ ಹಾಗೆ ತೇಲುತ್ತಿತ್ತು.

"ಬಾಗ್ಲು ಯಾಕಪ್ಪ ಮುಚ್ಚಿದ್ದೀರಾ?" ಎಂದರು ಮೇಡಂ.

"ನೀವೇ ಹೇಳಿದ್ರಲ್ಲಮ್ಮಾ, ಗಾಳಿ ಗದ್ಲ ಇಲ್ದಿರೋ ಕಡೆ ಕೂತ್ಕೊಳ್ಳಿ ಅಂತ" ಎಂದರು ಕೋದಂಡರಾಮಪ್ಪ.

ಮೇಡಂ ಆ ಧೂಳಿನ ನೆಲದ ಮೇಲೆಯೇ ಕೂತುಬಿಟ್ಟರು. "ತಪ್ಪು ನಂದು. ಹುತ್ತೂರಿನ ಜಗಲಿಗೆ ಹೇಳೋ ಮಾತನ್ನ ನಿಮ್ಮ ಶೆಡ್ಡಿಗೆ ಹೇಳ್ಬಿಟ್ಟೆ. ಇವತ್ತಿಂದ ಇದು ಬೇಡ. ಮೊದಲು ನೀರು, ಆಮೇಲೆ ಪೊರಕೆ. ಕಲ್ಲು ಕೊಯ್ಯೋವಾಗ್ಲೂ ನೀರು. ಎದೆ ತೋರಿಸ್ಕೊಳ್ಳೋಕೆ ಆಸ್ಪತ್ರೆಗೆ ಬನ್ನಿ. ಉಸಿರಿನ ಪಾಠ ಆಮೇಲೆ ನೋಡೋಣ" ಎಂದರು. ಅಷ್ಟು ದೊಡ್ಡ ವಿದುಷಿ ಎಲ್ಲರ ಮುಂದೆ ಕೈಮುಗಿದು ತಪ್ಪೊಪ್ಪಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಎರಡು ಊರಿನ ಫಲಿತಾಂಶವೂ ಒಟ್ಟಿಗೇ ಪ್ರಕಟವಾಗಬೇಕೆಂದು ಅವರು ಪಟ್ಟುಹಿಡಿದರು. ಅಂದಿನ ನಿರ್ದೇಶಕರು, "ಶೆಡ್ಡಿನ ವಿಚಾರ ನಮಗ್ಯಾಕೆ ಮೇಡಂ? ಹುತ್ತೂರಿಂದು ಚೆನ್ನಾಗಿ ಬಂದಿದೆ, ಅದನ್ನೇ ಹಾಕೋಣ" ಎಂದರು. ಅದನ್ನೇ ಹಾಕಿದರು. ಮೇಡಂ ತಮ್ಮ ಹೆಸರನ್ನು ಹಿಂದಕ್ಕೆ ಪಡೆದರು. ವಿಭಾಗದ ಮುಖ್ಯಸ್ಥರ ಸ್ಥಾನ ಅವರನ್ನು ದಾಟಿ ಬೇರೆಯವರಿಗೆ ಹೋಯಿತು. ಹೆಸರು ಹಿಂದಕ್ಕೆ ಬಂದರೂ ಫೋಟೊ ಬರಲಿಲ್ಲ. ‘ಉಸಿರೇ ಔಷಧಿ’ ಎಂಬ ದೊಡ್ಡಕ್ಷರಗಳ ಕೆಳಗೆ ಆ ತೋಟದ ನಗು ಪೋಸ್ಟರಾಗಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಸ್ ನಿಲ್ದಾಣದ ಗೋಡೆ ಏರಿತು. ಸ್ವಲ್ಪ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ತೆಗೆಸಿರೆಂದು ಮೇಡಂ ಕಂಡಕಂಡವರ ಕೊಠಡಿಗೆ ಅಲೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಲ್ಲಿ ಹಲವರು ಈ ಸಂಪುಟಕ್ಕೂ ಬರೆದಿದ್ದಾರೆ.

ಕೋದಂಡರಾಮಪ್ಪನವರು ಆ ಪೋಸ್ಟರನ್ನು ಕಂಡರು. ಮೇಡಮ್ಮನವರು ಮತ್ತೆ ಅಪ್ಪಣೆ ಕೊಟ್ಟಿದ್ದಾರೆ ಎಂದುಕೊಂಡರು. ಕೆಮ್ಮು ಹೆಚ್ಚಾದಷ್ಟೂ ಮುಚ್ಚಿದ ಶೆಡ್ಡಿನಲ್ಲಿ ಕೂತು ಇನ್ನಷ್ಟು ಉಸಿರೆಳೆದರು. ಔಷಧಿ ಅದೇ ಎಂದಮೇಲೆ ಆಸ್ಪತ್ರೆ ಯಾಕೆಂದು ಅತ್ತ ಸುಳಿಯಲಿಲ್ಲ. ಮೇಡಂಗೆ ಸುದ್ದಿ ತಿಳಿದು ಓಡಿಹೋಗುವ ಹೊತ್ತಿಗೆ ಧೂಳು ಕೂತು ಶ್ವಾಸಕೋಶ ಕಲ್ಲಾಗಿತ್ತು. ಅದು ಬಹುವರ್ಷಗಳ ಧೂಳಿನ ಕೆಲಸ, ಅಭ್ಯಾಸವೊಂದನ್ನೇ ದೂರುವಂತಿಲ್ಲ. ಇದನ್ನೂ ಮೇಡಂ ಅವರೇ ಹೇಳುತ್ತಾರೆ. ಆದರೆ ಬೇಗ ಬಂದಿದ್ದರೆ, ಧೂಳು ಬಿಟ್ಟಿದ್ದರೆ, ಇಷ್ಟಾಗುತ್ತಿರಲಿಲ್ಲ.

"ಬೇಡ ಅಂದಿದ್ನಲ್ಲಪ್ಪಾ" ಎಂದು ಮೇಡಂ ಅತ್ತರು. ಕೋದಂಡರಾಮಪ್ಪನವರು ಏದುಸಿರಿನ ನಡುವೆ, "ಫೋಟೊದಾಗೆ ನೀವೇ ನಗ್ತಾ ಇದ್ರಲ್ಲಮ್ಮಾ" ಎಂದರು. ಈಗ ಕೋದಂಡರಾಮಪ್ಪನವರು ಆಮ್ಲಜನಕದ ಮೆಷಿನ್ನಿನ ಪಕ್ಕದಲ್ಲೇ ಬದುಕುತ್ತಿದ್ದಾರೆ. ಉಳಿ ಹಿಡಿದು ಬಹಳ ಕಾಲವಾಯಿತು.

ಈ ಸಂಪುಟದ ವಿಷಯದಲ್ಲಿ ಮೇಡಂ ಕೇಳಿಕೊಂಡದ್ದು ಒಂದೇ: ಆ ಫೋಟೊ ಮಾತ್ರ ಬೇಡ. ಓದುಗರು ದಯವಿಟ್ಟು ಪುಸ್ತಕ ಮುಚ್ಚಿ ಒಮ್ಮೆ ಮುಖಪುಟ ನೋಡಬೇಕು. ‘ಅದರಷ್ಟು ಚೆನ್ನಾಗಿರೋದು ಇನ್ನೊಂದು ಸಿಗಲಿಲ್ಲ’ ಎನ್ನುತ್ತಾರೆ ಸಮಿತಿಯವರು. ನನ್ನ ಲೇಖನವನ್ನು ಕತ್ತರಿಸದೆ ಅಚ್ಚು ಹಾಕುವುದಾದರೆ ಹಾಕಲಿ, ಇಲ್ಲವಾದರೆ ಇಡಿಯಾಗಿ ಬಿಡಲಿ ಎಂದು ಬರೆದುಕೊಟ್ಟಿದ್ದೇನೆ.

ನಿವೃತ್ತಿಯ ಮರುದಿನದಿಂದ ಶಿವಾರಪಟ್ಟಣಕ್ಕೇ ಹೋಗುವುದಾಗಿ ಮೇಡಂ ಹೇಳಿದ್ದಾರೆ. ಬೆಳಿಗ್ಗೆ ಶೆಡ್ಡಿನಿಂದ ಶೆಡ್ಡಿಗೆ ಹೋಗಿ, ಪೊರಕೆಗೆ ಮೊದಲು ನೀರು ಬಿತ್ತೇ ಎಂದು ನೋಡುವುದು. ಬೀಳದಿದ್ದರೆ ತಾವೇ ಕೊಡ ಎತ್ತುವುದು. ಹಿರಿಯರಿಗೆ ಆಯುಷ್ಯ ಕೋರಿ ಲೇಖನ ಮುಗಿಸುವುದು ವಾಡಿಕೆ, ನಾನೂ ಕೋರುತ್ತೇನೆ. ಮೇಡಂ, ತಾವು ಆರೋಗ್ಯವಾಗಿ ಬಹುಕಾಲ ಬಾಳಬೇಕು. ಮಾಲೂರಿನ ಬಸ್ ನಿಲ್ದಾಣದ ಗೋಡೆಯ ಮೇಲೆ ಆ ಪೋಸ್ಟರು ಇನ್ನೂ ಇದೆ. ಅದು ಬಣ್ಣಗೆಟ್ಟು, ಹರಿದು, ಅಲ್ಲಿ ನಗುತ್ತಿದ್ದವರು ಯಾರೆಂದು ಒಬ್ಬರಿಗೂ ಗುರುತು ಸಿಗದ ಹಾಗಾದ ಮೇಲೂ ತಾವಿರಬೇಕು.

— ಕದಿರೇಶ್